ಖೈರೂಳ ಚಪ್ಪಲಿ ಹಿಡಿದು

ನಮ್ಮ ಓಣಿಯಲ್ಲಿ ಯಾರ ಮನೆಗೆ ಹೋದರೂ ಬಾಗಿಲು ಬಡಿಯುವುದಕ್ಕೆ ಮೊದಲೇ ಕಣ್ಣು ತಾನಾಗಿ ಕೆಳಗಿಳಿದು ಹೊಸ್ತಿಲ ಹೊರಗಿನ ಚಪ್ಪಲಿಗಳ ಮೇಲೆ ಹರಿಯುತ್ತದೆ. ಒಳಗೆ ಯಾರಿದ್ದಾರೆ, ಯಾರು ಪೇಟೆಗೆ ಹೋಗಿದ್ದಾರೆ, ಬೀಗರು ಬಂದು ಊಟಕ್ಕೆ ಕೂತಿದ್ದಾರೋ ಹೊರಡುವ ಗಡಿಬಿಡಿಯಲ್ಲಿದ್ದಾರೋ, ಎಲ್ಲವನ್ನೂ ಆ ಚಪ್ಪಲಿಗಳೇ ಹೇಳಿಬಿಡುತ್ತವೆ. ಜೋಡಿಯಾಗಿ ಗೋಡೆಗೆ ಒತ್ತಿ ಬಿಟ್ಟಿದ್ದರೆ ಬಂದವರು ಸಂಕೋಚದ ಜನ. ಒಂದು ಅತ್ತ ಒಂದು ಇತ್ತ ಬಿದ್ದಿದ್ದರೆ ಮನೆಮಗಳು ತವರಿಗೆ ಬಂದಿದ್ದಾಳೆ. ಈ ಓದಿನಲ್ಲಿ ನಾನು ಬಹಳ ಪಳಗಿದವಳು ಎಂದು ಮೊನ್ನೆ ಮೊನ್ನೆಯವರೆಗೂ ನಂಬಿಕೊಂಡಿದ್ದೆ. ಎದುರು ಮನೆಯ ಗಂಗವ್ವನ ಹೊಸ್ತಿಲನ್ನು ನಮ್ಮ ಕಿಟಕಿಯಿಂದಲೇ ನೋಡಿ, ಆಕೆಗೆ ಈಗ ಮಾತಾಡಲು ಪುರುಸೊತ್ತಿದೆಯೋ ಇಲ್ಲವೋ ಎಂದು ಹೇಳಬಲ್ಲೆ. ಗಂಗವ್ವನೂ ನನ್ನ ಹೊಸ್ತಿಲನ್ನು ಹಾಗೆಯೇ ಓದುತ್ತಾಳೆ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ.

ನಮ್ಮ ಮನೆಯ ಹೊಸ್ತಿಲನ್ನು ಚಪ್ಪಲಿ ದಾಟಿದ್ದು ನಾನು ಸೊಸೆಯಾಗಿ ಬಂದಂದಿನಿಂದ ಇಲ್ಲ. ಬಾಗಿಲಿಗೆ ನೇರವಾಗಿ ದೇವರ ಕೋಣೆಯಿದೆ. ಅತ್ತೆಯವರ ಕಾಲದ ಆ ಕಟ್ಟಳೆ ಅವರು ಹೋದ ಮೇಲೂ ಹಾಗೆಯೇ ಉಳಿದುಕೊಂಡು ಬಂದಿದೆ, ಯಾರೂ ಅದನ್ನು ಕೇಳಿಲ್ಲ, ನಾನೂ ಹೇಳಿಲ್ಲ.

ಇನ್ನು ನನ್ನ ಸ್ವಭಾವದ ಬಗ್ಗೆ ಎರಡು ಮಾತು ಹೇಳಿಬಿಡಬೇಕು, ಇಲ್ಲವಾದರೆ ಮುಂದಿನ ಕತೆ ನಿಮಗೆ ಅತಿಯಾಯಿತು ಅನ್ನಿಸೀತು. ನಾನು ಹುಟ್ಟಾ ಅಂಜುಬುರುಕಿ. ಫೋನು ಹೊತ್ತಲ್ಲದ ಹೊತ್ತಿನಲ್ಲಿ ಬಡಿದುಕೊಂಡರೆ ಎತ್ತುವ ಮೊದಲೇ ಯಾರಿಗೋ ಏನೋ ಆಗಿಹೋಯಿತೆಂದು ಕಣ್ಣಲ್ಲಿ ನೀರು ತಂದುಕೊಳ್ಳುವವಳು. ಬಸ್ಸು ತಡವಾದರೆ ಪಂಕ್ಚರ್ ಆಗಿರಬಹುದು ಎಂದು ಜನ ಅಂದುಕೊಂಡರೆ ನಾನು ಹಳ್ಳದಲ್ಲಿ ಬಿದ್ದ ಬಸ್ಸನ್ನು ಕಂಡು ನಡುಗುತ್ತಿರುತ್ತೇನೆ. ಕೆಟ್ಟದ್ದನ್ನು ಮೊದಲೇ ಊಹಿಸಿಬಿಟ್ಟರೆ ಅದು ನಾಚಿಕೊಂಡು ಹಿಂದೆ ಸರಿಯುತ್ತದೆ ಎಂಬ ಹುಚ್ಚು ನಂಬಿಕೆ ಒಳಗೆಲ್ಲೋ ಇದ್ದಿರಬೇಕು. ಈ ಸ್ವಭಾವದ ಹೆಂಗಸು ಪ್ರಾಥಮಿಕ ಶಾಲೆಯ ಶಿಕ್ಷಕಿಯಾದರೆ ಹೇಗಿರುತ್ತದೆ ಎಂದು ನೀವೇ ಯೋಚಿಸಿ. ಅದರಲ್ಲೂ ಶಾಲಾ ಪ್ರವಾಸ! ಬದಾಮಿಯ ಮೆಟ್ಟಿಲು ಹತ್ತುವಾಗ, ಹಂಪಿಯ ಬಂಡೆಗಳ ನಡುವೆ, ನಾನು ಶಿಲ್ಪ ನೋಡಿದ್ದಕ್ಕಿಂತ ತಲೆ ಎಣಿಸಿದ್ದೇ ಹೆಚ್ಚು.

ಆ ಪ್ರವಾಸಗಳಲ್ಲಿ ನಮಗೆ ಎರಡು ಪದ್ಧತಿಗಳಿದ್ದವು. ಗುಡಿಯ ಬಾಗಿಲಲ್ಲಿ ಮಕ್ಕಳೆಲ್ಲ ಚಪ್ಪಲಿ ಬಿಟ್ಟು ರಾಶಿ ಹಾಕಿದ ಮೇಲೆ ಒಬ್ಬ ಅಕ್ಕೋರು ಆ ರಾಶಿಯನ್ನು ಕಾಯುತ್ತ ಹೊರಗೆ ಕೂರಬೇಕು, ಉಳಿದವರು ಮಕ್ಕಳನ್ನು ಒಳಗೆ ಕರೆದೊಯ್ಯಬೇಕು. ಇದು ಒಂದು. ಇನ್ನೊಂದು, ಬಸ್ಸು ಇಳಿಯುವ ಮೊದಲು ಮಕ್ಕಳಿಂದ ಒಕ್ಕೊರಲಿನಲ್ಲಿ ಹೇಳಿಸುತ್ತಿದ್ದ ಮಾತು: ತಪ್ಪಿಸಿಕೊಂಡರೆ ಹುಡುಕಾಡಬಾರದು, ಬಿಟ್ಟ ಜಾಗದಲ್ಲೇ ನಿಂತಿರಬೇಕು. ಹೀಗೆ ಹೇಳಿಸುತ್ತಿದ್ದವರು ನಾವು ಮೂವರು. ನಾನು, ಗಿರಿಜಾ, ನಾವು ಖೈರೂ ಎಂದು ಕರೆಯುವ ಖೈರುನ್ನಿಸಾ. ಒಂದೇ ತರಬೇತಿ ಶಾಲೆಯಲ್ಲಿ ಕಲಿತು, ಒಬ್ಬಳು ಹುಲಕೋಟಿಯಲ್ಲಿ, ಒಬ್ಬಳು ಬೆಳ್ಳಟ್ಟಿಯಲ್ಲಿ, ಒಬ್ಬಳು ಲಕ್ಷ್ಮೇಶ್ವರದಲ್ಲಿ ನೌಕರಿ ಹಿಡಿದರೂ, ನಡುವೆ ಕೆಲವು ವರ್ಷ ಗದಗಿನ ಒಂದೇ ಶಾಲೆಯಲ್ಲಿ ಕೂಡಿ ಕೆಲಸ ಮಾಡಿ, ಈಗ ಮೂವರೂ ನಿವೃತ್ತರಾಗಿ ಇದೇ ಊರಲ್ಲಿ ಉಳಿದವರು.

ಮಕ್ಕಳಿಗೆಲ್ಲ ಊರೂರು ತೋರಿಸಿದ ನಾವು ನಮ್ಮ ಊರನ್ನೇ ನೋಡಲಿಲ್ಲವಲ್ಲ ಎಂಬ ಮಾತು ಹುಟ್ಟಿದ್ದು ಗಿರಿಜಾಳ ಮನೆಯ ಚಹಾದ ಹೊತ್ತಿನಲ್ಲಿ. ಸೀರೆಗೆ ಫಾಲ್ ಹಚ್ಚಿಸಲು, ಔಷಧಿ ತರಲು, ಮದುವೆಗೆ ಹೋಗಲು ಈ ರಸ್ತೆಗಳಲ್ಲಿ ಎಷ್ಟು ಸಲ ನಡೆದಿದ್ದೇವೋ ಲೆಕ್ಕವಿಲ್ಲ. ಆದರೆ ನೋಡಲೆಂದೇ ನಡೆದದ್ದಿಲ್ಲ. ಒಂದು ದಿನ ಪೂರ್ತಿ, ಆಟೋ ಹತ್ತದೆ, ಕಾಲ್ನಡಿಗೆಯಲ್ಲಿ ಗದಗವನ್ನು ಪರವೂರಿನವರಂತೆ ನೋಡಬೇಕು, ಸಂಜೆಗೆ ಬೆಟಗೇರಿಯ ಮಗ್ಗದ ಓಣಿಯಲ್ಲಿ ಮುಗಿಸಬೇಕು ಎಂದು ಗೊತ್ತುಮಾಡಿದೆವು. ಹೂಂ ಅನ್ನುತ್ತಲೇ ನನ್ನೊಳಗೆ ಅಂಜಿಕೆ ಶುರುವಾಯಿತು, ಯಾಕೆಂದರೆ ಖೈರೂಳ ಕಾಲು.

ಖೈರೂಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿದೆ. ಕಳೆದ ವರ್ಷ ಅಂಗಳದಲ್ಲಿ ಬರಿಗಾಲಲ್ಲಿ ಅಡ್ಡಾಡುವಾಗ ಜಾಲಿಯ ಮುಳ್ಳು ಮುರಿದು ಹೊಕ್ಕಿದ್ದು ಆಕೆಗೆ ಗೊತ್ತೇ ಆಗಲಿಲ್ಲ. ಅಂಗಾಲಿಗೆ ಸ್ಪರ್ಶಜ್ಞಾನವೇ ಇಲ್ಲ. ಗೊತ್ತಾಗುವ ಹೊತ್ತಿಗೆ ಕೀವು ತುಂಬಿ, ಆಸ್ಪತ್ರೆಯಲ್ಲಿ ಮಲಗಿ, ಒಂದು ಬೆರಳನ್ನು ಕಳೆದುಕೊಂಡು ಮನೆಗೆ ಬಂದಳು. ಇನ್ನೊಂದು ಗಾಯವಾದರೆ ಬೆರಳಿಗೆ ಮುಗಿಯುವುದಿಲ್ಲ, ಮನೆಯೊಳಗೂ ಬರಿಗಾಲಲ್ಲಿ ಓಡಾಡಕೂಡದು ಎಂದು ಡಾಕ್ಟರರು ಹೇಳಿದಾಗ ಪಕ್ಕದಲ್ಲಿ ನಾನೇ ಕೂತಿದ್ದೆ. ಅಂದಿನಿಂದ ಆಕೆಯ ಕಾಲಲ್ಲಿ ಆಸ್ಪತ್ರೆಯವರೇ ಅಳತೆ ತೆಗೆದು ಮಾಡಿಸಿಕೊಟ್ಟ, ಅಗಲ ಪಟ್ಟಿಯ, ಮೆತ್ತನೆಯ ಕಪ್ಪು ಚಪ್ಪಲಿ. ಆ ಚಪ್ಪಲಿಯನ್ನು ನೋಡಿದಾಗಲೆಲ್ಲ ನನಗೆ ಒಂದು ಬಗೆಯ ಭಕ್ತಿಯೇ ಬರುತ್ತಿತ್ತು. ನನ್ನ ಗೆಳತಿಯನ್ನು ಹಾಸಿಗೆಯಿಂದ ದೂರ ಇಟ್ಟಿರುವುದು ಅದೊಂದೇ ಎಂಬ ಭಾವನೆ. ನಮ್ಮ ಮನೆಗೆ ಬಂದಾಗಲೂ ಆಕೆ ಕಟ್ಟೆಯ ಮೇಲೇ ಕೂತು, "ಇಲ್ಲೇ ಛಲೋ ಐತಿ, ಗಾಳಿ ಬರ್ತೈತಿ" ಎಂದು ಚಹಾ ಅಲ್ಲಿಗೇ ತರಿಸಿಕೊಳ್ಳುತ್ತಿದ್ದಳು. ಗಾಳಿಯ ಮೇಲೆ ಆಕೆಗೆ ಇತ್ತೀಚೆಗೆ ಬಹಳ ಪ್ರೀತಿ ಎಂದುಕೊಂಡಿದ್ದೆ.

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ದಿನಗಳವು. ಬೆಳಿಗ್ಗೆ ಗಿರ್ಮಿಟ್ಟು, ಮಿರ್ಚಿ ಭಜಿ ತಿಂದು, ನಾನು ಎಣ್ಣೆಯ ಬಗ್ಗೆ ಚಿಂತಿಸಿ, ಗಿರಿಜಾ ನನ್ನ ಚಿಂತೆಯನ್ನು ನೋಡಿ ನಕ್ಕು, ಮೊದಲು ವೀರನಾರಾಯಣನ ಗುಡಿಗೆ ಹೋದೆವು. ಗುಡಿಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಖೈರೂ ತನ್ನ ಹೆಗಲ ಚೀಲದೊಳಗೆ ಕೈ ಹಾಕಿದಳು. ಆಕೆ ಏನೋ ಹೇಳಲು ಬಾಯಿ ತೆರೆದಿದ್ದಳು ಕೂಡ. ಅಷ್ಟರಲ್ಲಿ ನನಗೆ ಆಕೆಯ ಕಾಲು ನೆನಪಾಯಿತು, ಜೊತೆಗೆ, ಇದು ಗುಡಿ, ಬಾ ಅಂದರೆ ಆಕೆಗೆ ಮುಜುಗರ, ಬರಬೇಡ ಅಂದರೆ ನಮಗೆ ಮುಜುಗರ ಎಂಬುದೂ ತಲೆಯಲ್ಲಿ ಸುಳಿಯಿತು. ಅವಳನ್ನು ಆ ಇಕ್ಕಟ್ಟಿನಿಂದ ಪಾರು ಮಾಡುವವಳಂತೆ, "ಖೈರೂ, ನೀ ಇಲ್ಲೇ ನೆರಳಾಗ ಕುಂಡ್ರು, ಚಪ್ಪಲ್ಲಿ ನೋಡ್ಕೋ. ನಾವು ಈಗ ಬಂದ್ವಿ" ಅಂದೆ. ಆಕೆ ಚೀಲದಿಂದ ಕೈ ಹೊರತೆಗೆದಳು.

"ಆತು. ಆದ್ರ ನನ್ನ ಫೋನ್ ತಗೊಂಡು ಹೋಗ್ರಿ. ಒಳಗಿನ ಫೋಟೋ ಛಲೋ ಬರ್ತಾವ ಇದ್ರಾಗ," ಅಂದಳು.

ಹೊರಗೆ ಬಂದ ಮೇಲೆ ಆಕೆ ಆ ಫೋಟೋಗಳನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಬಹಳ ಹೊತ್ತು ನೋಡಿದಳು. ಕಂಬದ ಮೇಲಿನ ಒಂದು ಬಳ್ಳಿ ಎಲ್ಲಿಗೆ ಹೋಗಿ ಮುಗಿಯುತ್ತದೆ ಎಂದು ಕೇಳಿದಳು. ನಮಗಿಬ್ಬರಿಗೂ ಗೊತ್ತಿರಲಿಲ್ಲ. ಫೋಟೋದಲ್ಲಿ ಅದು ಅರ್ಧಕ್ಕೆ ತುಂಡಾಗಿತ್ತು.

ತ್ರಿಕೂಟೇಶ್ವರನ ಆವರಣ ತಲುಪಿದಾಗ ಮಧ್ಯಾಹ್ನ. ಅಲ್ಲಿ ಯಾರೂ ಏನೂ ಹೇಳುವ ಅಗತ್ಯವೇ ಬೀಳಲಿಲ್ಲ. ಬೆಳಗಿನ ಒಂದೇ ಸಲದಲ್ಲಿ ಅದು ಪದ್ಧತಿಯಾಗಿಬಿಟ್ಟಿತ್ತು. ಖೈರೂ ಬಾಗಿಲ ಬಳಿಯ ಮರದ ಕಟ್ಟೆಯ ಮೇಲೆ ಕೂತಳು, ಫೋನು ಕೊಟ್ಟಳು, ನಾವು ಒಳಗೆ ಹೋದೆವು. ಮೊದಲು ಸರಸ್ವತಿಯ ಗುಡಿ, ಆಮೇಲೆ ಒಂದೇ ಪೀಠದ ಮೇಲಿನ ಮೂರು ಲಿಂಗಗಳು. ಗಿರಿಜಾ ಫೋಟೋ ತೆಗೆದದ್ದೇ ತೆಗೆದದ್ದು. ಒಳಗಿನ ತಂಪಿನಲ್ಲಿ ನಾನು ಕೂಡ ಸ್ವಲ್ಪ ಹೊತ್ತು ಅಂಜಿಕೆ ಮರೆತು ಕೂತಿದ್ದೆ. ಮರೆತದ್ದೇ ತಪ್ಪಾಯಿತು ಎಂದು ಹೊರಗೆ ಬಂದಾಗ ಅನ್ನಿಸಿತು.

ಕಟ್ಟೆಯ ಮೇಲೆ ಖೈರೂ ಇರಲಿಲ್ಲ. ಕಟ್ಟೆಯ ಬುಡದಲ್ಲಿ ನಮ್ಮ ಚಪ್ಪಲಿಗಳು ಸಾಲಾಗಿ ಇದ್ದವು. ಅವುಗಳ ಪಕ್ಕದಲ್ಲಿ, ಒಂದಕ್ಕೊಂದು ಒತ್ತಿಕೊಂಡು, ಆ ಕಪ್ಪು ಚಪ್ಪಲಿ.

ಓದುಗರೇ, ಆ ಕ್ಷಣದ ನನ್ನ ಸ್ಥಿತಿಯನ್ನು ಹೇಗೆ ಹೇಳಲಿ! ಆಕೆ ಇಲ್ಲ ಎಂಬುದಕ್ಕಿಂತ ಚಪ್ಪಲಿ ಇದೆ ಎಂಬುದು ಎದೆ ಒಡೆಸಿತು. ಚಪ್ಪಲಿ ಹಾಕಿಕೊಂಡು ಹೋಗಿದ್ದರೆ ನೀರಿಗೋ ಚಹಾಕ್ಕೋ ಹೋಗಿದ್ದಾಳೆ ಅನ್ನಬಹುದಿತ್ತು. ಬರಿಗಾಲಲ್ಲಿ, ಈ ಬಿಸಿಲಲ್ಲಿ, ಕಾದ ಡಾಂಬರಿನ ಮೇಲೆ, ಸುಟ್ಟರೂ ಗೊತ್ತಾಗದ ಆ ಕಾಲಲ್ಲಿ ಆಕೆ ತಾನಾಗಿ ಹೋಗುವವಳೇ ಅಲ್ಲ. ತಲೆ ಸುತ್ತಿ ಬಿದ್ದಿರಬೇಕು, ಯಾರೋ ಎತ್ತಿ ಆಟೋದಲ್ಲಿ ಹಾಕಿಕೊಂಡು ಹೋಗಿರಬೇಕು, ಆ ಗದ್ದಲದಲ್ಲಿ ಚಪ್ಪಲಿ ಕಳಚಿರಬೇಕು. ಅಷ್ಟು ಒಪ್ಪವಾಗಿ ಜೋಡಿಸಿಟ್ಟ ಚಪ್ಪಲಿ ಗದ್ದಲದಲ್ಲಿ ಕಳಚಿದ್ದಲ್ಲ ಎಂಬುದು ಕಣ್ಣಿಗೆ ಕಾಣುತ್ತಿತ್ತು, ಬುದ್ಧಿಗೆ ಕಾಣಲಿಲ್ಲ. ಫೋನು ಮಾಡೋಣವೆಂದರೆ ಆಕೆಯ ಫೋನು ಗಿರಿಜಾಳ ಕೈಯಲ್ಲೇ ಇತ್ತು.

ಹೂವು ಮಾರುವ ಹೆಂಗಸನ್ನು ಕೇಳಿದೆವು. "ನಾ ಈಗರ ಊಟ ಮಾಡಿ ಬಂದೇನ್ರಿ ಅಕ್ಕೋರ, ಯಾರನ್ನೂ ನೋಡಿಲ್ರಿ," ಅಂದಳು. ಗಿರಿಜಾ ನನ್ನಷ್ಟು ಅಂಜುವವಳಲ್ಲ, ಆದರೆ ಅಂಜಿಕೆ ಅಂಟುಜಾಡ್ಯ. ನನ್ನ ಮುಖ ನೋಡಿಯೇ ಆಕೆ ಅವಸರದಲ್ಲಿ ಚಪ್ಪಲಿ ಮೆಟ್ಟಿಕೊಂಡಳು. ಆಕೆ ದವಾಖಾನೆಗಳಿರುವ ರಸ್ತೆಗೆ, ನಾನು ಪೇಟೆಯ ಕಡೆಗೆ ಎಂದಾಯಿತು. ಹೊರಡುವಾಗ ಖೈರೂಳ ಚಪ್ಪಲಿಯನ್ನು ಕೈಗೆತ್ತಿಕೊಂಡೆ. ಅಲ್ಲಿ ಬಿಟ್ಟರೆ ಯಾರಾದರೂ ಒಯ್ದಾರು, ಆಕೆ ಸಿಕ್ಕ ಕೂಡಲೇ ಕಾಲಿಗೆ ಹಾಕಬೇಕು ಎಂಬ ವಿಚಾರ.

ಕೈಯಲ್ಲಿ ಚಪ್ಪಲಿ ಹಿಡಿದು ಪೇಟೆಯಲ್ಲಿ ನಡೆಯುವ ಹೆಂಗಸಿಗೆ ಜನ ತಾವಾಗಿ ದಾರಿ ಬಿಡುತ್ತಾರೆ ಎಂಬುದು ಅಂದು ನನಗೆ ತಿಳಿಯಿತು. ಬಳೆ ಅಂಗಡಿಯವನು ಒಂದು ಹೆಜ್ಜೆ ಹಿಂದೆ ಸರಿದ. ಇಬ್ಬರು ಹುಡುಗಿಯರು ನನ್ನ ಹಿಂದೆ ಯಾವ ಗಂಡಸು ಬರುತ್ತಿದ್ದಾನೆ ಎಂದು ಆಸೆಯಿಂದ ನೋಡಿದರು. ನಾಚಿಕೆ ಪಡಲು ನನಗೆ ವ್ಯವಧಾನವಿರಲಿಲ್ಲ. ಪ್ರತಿ ಹೆಜ್ಜೆಗೂ ನನ್ನ ಕಣ್ಣು ನೆಲ ಹುಡುಕುತ್ತಿತ್ತು. ಒಡೆದ ಬಾಟಲಿಯ ಚೂರು, ಕಬ್ಬಿನ ಸಿಪ್ಪೆ, ಬೀದಿಗೆ ಬಿದ್ದ ಮೊಳೆ. ಬೆಳಿಗ್ಗೆ ನೋಡಲೆಂದೇ ಹೊರಟಾಗ ಕಾಣದ ನಮ್ಮ ಊರಿನ ರಸ್ತೆ ಈಗ ಗೇಣುಗೇಣಾಗಿ ಕಾಣಿಸಿತು, ಎಲ್ಲವೂ ಚುಚ್ಚುವ ಸಾಮಾನುಗಳಾಗಿ. ಕಾಲು ಹೋದ ಮೇಲೆ ಖೈರೂ ಹೇಗೆ ಮೆಟ್ಟಿಲು ಹತ್ತುತ್ತಾಳೆ, ಆಕೆಯ ಮಗಳಿಗೆ ಯಾವ ಬಾಯಿಂದ ಹೇಳಲಿ, ಬರಿಗಾಲಲ್ಲಿ ಯಾಕೆ ಬಿಟ್ಟಿರಿ ಎಂದರೆ ಏನು ಉತ್ತರ ಕೊಡಲಿ, ಎಲ್ಲವನ್ನೂ ನಡೆಯುತ್ತಲೇ ಅನುಭವಿಸಿ ಮುಗಿಸಿದೆ.

ಎಲ್ಲೆಲ್ಲಿ ಹುಡುಕಿದೆ ಎಂಬುದನ್ನು ಹೇಳಿದರೆ ನೀವು ನನ್ನನ್ನು ಅಳೆದುಬಿಡುತ್ತೀರಿ, ಆದರೂ ಹೇಳುತ್ತೇನೆ. ಮೊದಲು ಓಡಿದ್ದು ಮಸೀದಿಗೆ. ನಮಾಜಿನ ಹೊತ್ತು, ಅಲ್ಲಿಗೇ ಹೋಗಿರಬೇಕು, ಅಲ್ಲವೆ? ಬಾಗಿಲಲ್ಲಿದ್ದ ಹಿರಿಯರು ನನ್ನನ್ನೂ ನನ್ನ ಕೈಯಲ್ಲಿದ್ದುದನ್ನೂ ನೋಡಿ ಗಾಬರಿಯಾದರು. ಕೇಳಿಕೊಂಡ ಮೇಲೆ ಮೆಲ್ಲಗೆ, "ಹೆಣ್ಮಕ್ಕಳು ಇಲ್ಲಿ ನಮಾಜಿಗೆ ಬರಂಗಿಲ್ರಿ ಅಮ್ಮಾ, ಮನ್ಯಾಗ ಮಾಡ್ತಾರ್ರಿ. ಕುಂಡ್ರಿ, ಒಂದೀಟು ನೀರ ಕುಡೀರಿ," ಅಂದರು. ಖೈರೂಳ ಜೊತೆ ಅರ್ಧ ಆಯುಷ್ಯ ಕಳೆದ ನನಗೆ ಇಷ್ಟು ಗೊತ್ತಿರಲಿಲ್ಲ. ಆಮೇಲೆ ಆಕೆಯ ನೆಂಟರ ಬಟ್ಟೆ ಅಂಗಡಿಗೆ ಹೋದೆ. ಬೆಳಗಿನ ಗಿರ್ಮಿಟ್ಟಿನ ಅಂಗಡಿಗೆ ಹೋದೆ. ಊರಿನಲ್ಲಿ ಆಕೆ ಇರಬಹುದಾದ ಜಾಗಗಳನ್ನೆಲ್ಲ ನನ್ನ ತಲೆ ತಾನೇ ಗೊತ್ತುಮಾಡಿ ಇಟ್ಟುಕೊಂಡಿತ್ತು, ಕಾಲು ಅವುಗಳಿಗೆ ಮಾತ್ರ ಓಡುತ್ತಿತ್ತು.

ಕೊನೆಗೆ ಗಿರಿಜಾಳ ಫೋನು ಬಂತು. ಆಕೆಯ ದನಿ ಅಳುವಂತಿತ್ತು. "ಯಾವ ದವಾಖಾನ್ಯಾಗೂ ಇಲ್ಲಬೇ. ಗುಡಿ ಹತ್ತಿರನ ಬಾ, ಅಲ್ಲಿಂದ ಪೊಲೀಸ್ ಠಾಣೆಕ್ಕ ಹೋಗೂಣು." ಹೇಗೆ ಗುಡಿಯವರೆಗೆ ನಡೆದೆನೋ ತಿಳಿಯದು, ಚಪ್ಪಲಿಯನ್ನು ಎದೆಗೆ ಒತ್ತಿಕೊಂಡಿದ್ದೆ ಎಂಬುದು ಮಾತ್ರ ಆಮೇಲೆ ಸೀರೆಯ ಮೇಲಿನ ಧೂಳಿನಿಂದ ಗೊತ್ತಾಯಿತು.

ಅದೇ ಕಟ್ಟೆ. ಅದೇ ಜಾಗ. ಖೈರೂ ಕಾಲು ಮೇಲಕ್ಕೆ ಮಡಚಿಕೊಂಡು ಕೂತಿದ್ದಾಳೆ. ಕಾಲಲ್ಲಿ ಮೊಣಕಾಲ ಹತ್ತಿರದವರೆಗೆ ಬರುವ ಹಳದಿ ಪಟ್ಟಿಯ ದಪ್ಪ ಕಾಲುಚೀಲ, ಆಕೆಯ ಮೊಮ್ಮಗ ಫುಟ್‌ಬಾಲ್ ಆಡುವಾಗ ಹಾಕಿಕೊಳ್ಳುವಂಥದ್ದು. ಮುಖ ಬಿಸಿಲಿಗೆ ಕೆಂಪಾಗಿದೆ. ಆಗಲೇ ತಲುಪಿದ್ದ ಗಿರಿಜಾ ಪಕ್ಕದಲ್ಲಿ ನಿಂತಿದ್ದಾಳೆ. ನನ್ನನ್ನು, ನನ್ನ ಎದೆಗಂಟಿದ ಚಪ್ಪಲಿಯನ್ನು ನೋಡಿ ಖೈರೂ ಸಿಡಿದಳು.

"ಚಪ್ಪಲ್ಲಿ ಕಾಯಿ ಅಂತ ನನ್ನ ಕುಂಡ್ರಿಸಿ, ನೀವ ಒಯ್ದ್ರಲ್ಲಬೇ! ಎಲ್ಲಿ ಹೋಗಿದ್ರಿ? ನಿಮ್ಮಿಬ್ಬರಿಗೂ ಏನರ ಆತೋ ಏನೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು. ಫೋನ್ ನಿಮ್ಮ ಕಡೆ. ಒಂದು ಹೆಜ್ಜಿ ಇಡಾಕ ಆಗವಲ್ದು."

"ನೀ ಎಲ್ಲಿ ಹೋಗಿದ್ದೆ?" ಅಂದೆ ನಾನು.

"ಒಳಗ," ಅಂದಳು, ಅದರಲ್ಲಿ ಕೇಳುವುದೇನಿದೆ ಎಂಬಂತೆ. "ನೀವು ಲಿಂಗದ ಕಡೆ ಹೋದ ಮ್ಯಾಲ ಸರಸ್ವತಿ ಗುಡಿಗೆ ಹೋಗಿದ್ದೆ. ಮತ್ತೆಲ್ಲಿ? ಚಪ್ಪಲ್ಲಿ ಬಿಟ್ಟಿದ್ನೆಲ್ಲ, ಕಾಣಲಿಲ್ಲೇನು?"

ಕಂಡಿತ್ತು. ಗುಡಿಯ ಬಾಗಿಲಲ್ಲಿ ಒಪ್ಪವಾಗಿ ಬಿಟ್ಟ ಚಪ್ಪಲಿ. ಅದರ ಅರ್ಥ ಈ ನಾಡಿನ ಹಸುಗೂಸಿಗೂ ಗೊತ್ತು: ಚಪ್ಪಲಿಯವರು ಒಳಗಿದ್ದಾರೆ. ಓಣಿಯ ಹೊಸ್ತಿಲುಗಳನ್ನೆಲ್ಲ ಕಿಟಕಿಯಿಂದಲೇ ಓದುವ ನಾನು, ನನ್ನ ಜೀವದ ಗೆಳತಿಯ ಚಪ್ಪಲಿಯನ್ನು ಓದದೆ, ಅದನ್ನೇ ಕೈಯಲ್ಲಿ ಹಿಡಿದು ಊರೆಲ್ಲ ಅಲೆದೆ. ಮಸೀದಿಯಲ್ಲಿ ಹುಡುಕಿದೆ, ದವಾಖಾನೆಯಲ್ಲಿ ಹುಡುಕಿಸಿದೆ, ಆಕೆ ಸತ್ತಿರಬಹುದಾದ ಜಾಗಗಳನ್ನೂ ಮನಸ್ಸಿನಲ್ಲಿ ಹುಡುಕಿದೆ. ಹತ್ತು ಹೆಜ್ಜೆ ಆಚೆಯ ಗುಡಿಯೊಳಗೆ ತಲೆ ಹಾಕಿ ನೋಡಲಿಲ್ಲ. ಶಾಲೆಯಲ್ಲಿ ವರ್ಷ ವರ್ಷವೂ ಸರಸ್ವತಿ ಪೂಜೆಯ ದಿನ ನಸುಕಿನಲ್ಲಿ ಬಂದು ರಂಗೋಲಿ ಹಾಕುತ್ತಿದ್ದವಳು ಇದೇ ಖೈರೂ. ಆಗ ನನಗೆ ಒಂದು ದಿನವೂ ಮುಜುಗರದ ವಿಚಾರ ಬಂದಿರಲಿಲ್ಲ. ಈಗ ಎಲ್ಲಿಂದ ಬಂತು, ಯಾರು ನನ್ನ ತಲೆಯೊಳಗೆ ಇಟ್ಟು ಹೋದರು? ಅಂಜಿಕೆ ಎಂಬುದು ಎಷ್ಟು ಮೆತ್ತಗೆ ಒಳಗೆ ಬರುತ್ತದೆಂದರೆ, ನಾವು ಅದಕ್ಕೆ ಪ್ರೀತಿ ಎಂದು ಹೆಸರಿಟ್ಟು ಕೂರಿಸಿಕೊಂಡಿರುತ್ತೇವೆ. ಆಕೆಗೆ ನೋವಾದೀತು, ಆಕೆಗೆ ಕಷ್ಟವಾದೀತು ಎಂದು ನಾನೇ ಬಗೆದು, ಆಕೆಯ ಪರವಾಗಿ ನಾನೇ ಉತ್ತರ ಹೇಳಿ, ಬಾಗಿಲ ಹೊರಗೆ ಕೂರಿಸಿ ಬಂದಿದ್ದೆ. ಬೆಳಿಗ್ಗೆ ಚೀಲದೊಳಗೆ ಹೋಗಿದ್ದ ಆ ಕೈ ಹುಡುಕಿದ್ದು ಈ ಹಳದಿ ಪಟ್ಟಿಯ ಕಾಲುಚೀಲವನ್ನು.

ಇನ್ನೊಂದು ಮಾತು ಕೂಡ ಚುಚ್ಚಿತು. ತಪ್ಪಿಸಿಕೊಂಡರೆ ಬಿಟ್ಟ ಜಾಗದಲ್ಲೇ ಇರಬೇಕು ಎಂದು ಮಕ್ಕಳಿಗೆ ಕಲಿಸಿದ ಮೂವರಲ್ಲಿ ಆ ಮಾತನ್ನು ಅಂದು ಪಾಲಿಸಿದವಳು ಖೈರೂ ಒಬ್ಬಳೇ. ಪಾಲಿಸದೆ ಬೇರೆ ದಾರಿಯನ್ನೂ ನಾನು ಬಿಟ್ಟಿರಲಿಲ್ಲ.

ನಾನು ಬಾಗಿ ಆ ಚಪ್ಪಲಿಗಳನ್ನು ಆಕೆಯ ಕಾಲ ಬಳಿ ಇಟ್ಟೆ. ಕಾಲುಚೀಲ ಕಳಚಿ ಅಂಗಾಲು ತೋರಿಸು ಅಂದೆ. ಬೈಯುತ್ತಲೇ ತೋರಿಸಿದಳು. ಒಂದು ಗೀರೂ ಇರಲಿಲ್ಲ. ಆಗ ನನಗೆ ಅಳು ಬಂತು, ಹೂವಿನ ಹೆಂಗಸು ನೋಡುತ್ತಿದ್ದರೂ ಅತ್ತೆ.

"ಅಳೂದು ಆಮ್ಯಾಲ," ಎಂದು ಖೈರೂ ಕಾಲುಚೀಲವನ್ನು ಮತ್ತೆ ಏರಿಸಿಕೊಂಡಳು. "ಏಳ್ರಿ, ಒಳಗ ಹೋಗೂಣು. ಸರಸ್ವತಿ ಗುಡಿ ಕಂಬ ನಾ ಇನ್ನೂ ಅರ್ಧಾನೂ ನೋಡಿಲ್ಲ. ನೀವು ಬರೇ ಫೋಟೋ ತಗದೀರಿ."

"ಚಪ್ಪಲ್ಲಿ?" ಎಂದು ನನ್ನ ಬಾಯಿ ತಾನಾಗಿ ಕೇಳಿತು.

"ಹೋದ್ರ ಹೋಗ್ಲಿ," ಅಂದಳು ಗಿರಿಜಾ.

ಮೂರು ಜೊತೆಯನ್ನೂ ಕಾಯುವವರಿಲ್ಲದೆ ಬಿಟ್ಟು ಒಳಗೆ ಹೋದೆವು. ಖೈರೂ ಒಂದು ಕಂಬದ ಸುತ್ತ ಬೆರಳಾಡಿಸದೆ ಬೆರಳು ತೋರಿಸುತ್ತ ಸುತ್ತಿದಳು, ನಾವು ಹಿಂದೆ ಹಿಂದೆ ಸುತ್ತಿದೆವು. ನಾನು ಅಂಜಿಕೆ ಬಿಟ್ಟುಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಹೊರಗಿನ ಕಪ್ಪು ಚಪ್ಪಲಿಯನ್ನು ಯಾರಾದರೂ ಒಯ್ದರೆ ಎಂದು ಜೀವ ಹೊಯ್ದಾಡುತ್ತಲೇ ಇತ್ತು. ಹೊಯ್ದಾಡುತ್ತಲೇ ಕಂಬವನ್ನೂ ನೋಡಿದೆ. ಎರಡೂ ಒಟ್ಟಿಗೆ ಆಗುತ್ತವೆ ಎಂಬುದು ನನಗೆ ಹೊಸ ಸಂಗತಿ. ಬೆಟಗೇರಿಯ ಮಗ್ಗದ ಓಣಿ ಅಂದು ಆಗಲಿಲ್ಲ. ಸಂಜೆ ಬೀಳ್ಕೊಡುವಾಗ ತಡೆಯಲಾರದೆ ಕೇಳಿದೆ: "ಖೈರೂ, ನಮ್ಮ ಮನಿ ಕಟ್ಟಿ ಮ್ಯಾಲೆ ಅಷ್ಟು ಗಾಳಿ ಎಲ್ಲಿ ಬರ್ತೈತಿ?" ಆಕೆ ಹೆಗಲ ಚೀಲ ಸರಿಮಾಡಿಕೊಂಡು ಅಂದಳು: "ನಿಮ್ಮ ದೇವರ ಖೋಲಿ ಎದುರಿಗೇ ಐತೆಲ್ಲ. ಚಪ್ಪಲ್ಲಿ ಹಾಕ್ಕೊಂಡು ಹೆಂಗ ಬರ್ಲಿ? ನೀ ಒಮ್ಮೆರ ಬಾ ಅಂದಿದ್ರ ಕಾಲುಚೀಲ ಹಾಕ್ಕೊಂಡರ ಬರ್ತಿದ್ದೆ."

ಮರುವಾರ ಆಕೆ ಬಂದಳು. ಚೀಲದಲ್ಲಿ ಕೈ ಹಾಕುವ ಮೊದಲೇ ನಾನು ಹಾಗೇ ಬಾ ಅಂದೆ. ಹೊಸ್ತಿಲ ಮುಂದೆ ಆಕೆ ತಡೆದು ನಿಂತಳು, ನನ್ನ ಕಣ್ಣೂ ಗೋಡೆಯ ಮೇಲಿನ ಅತ್ತೆಯವರ ಫೋಟೋದತ್ತ ಹೋಯಿತು. ಒದ್ದೆ ಬಟ್ಟೆಯಿಂದ ಆ ಚಪ್ಪಲಿಯ ಅಡಿಯನ್ನು ನಾನೇ ಒರೆಸಿದೆ. ಆಕೆ ಒಳಗೆ ಬಂದು, ದೇವರ ಕೋಣೆಯ ಎದುರಿನ ಕುರ್ಚಿಯ ಮೇಲೆ, ಕಾಲಲ್ಲಿ ಚಪ್ಪಲಿ ಹಾಕಿಕೊಂಡೇ ಕೂತಳು. ಒಂದು ವರ್ಷದ ಮೇಲೆ ನಮ್ಮ ಮನೆಯೊಳಗೆ ಆಕೆ ಚಹಾ ಕುಡಿದದ್ದು ಅಂದು.

ಅಷ್ಟರಲ್ಲಿ ಗಂಗವ್ವ ಬಾಗಿಲಿಗೆ ಬಂದಳು. ಎಂದಿನಂತೆ ಮೊದಲು ಹೊಸ್ತಿಲ ಹೊರಗೆ ನೋಡಿರಬೇಕು. ಅಲ್ಲಿ ನನ್ನ ಸವೆದ ಚಪ್ಪಲಿ ಮಾತ್ರ ಇತ್ತು.

"ಸುಮಿತ್ರಕ್ಕಾ, ಒಬ್ಬಾಕೀನ ಇದ್ದೀಯೇನು?" ಎಂದು ಹೊರಗಿನಿಂದಲೇ ಕೂಗಿದಳು.

ನಾನು ಉತ್ತರ ಹೇಳಲು ಬಾಯಿ ತೆರೆದವಳು ತಡೆದುಕೊಂಡೆ. ಒಳಗಿನಿಂದ ಖೈರೂನೇ ಹೇಳಲಿ ಎಂದು.